ಎರಡೂ ಕಡೆ ಅದೇ ಅಜಾನ್

2023ರ ಏಪ್ರಿಲ್ 15. ರಂಜಾನ್ ತಿಂಗಳ ಕೊನೆಯ ಹತ್ತು ದಿನಗಳು ನಡೆದಿದ್ದವು. ಆ ದಿನ ಸೂಡಾನ್ ದೇಶದ ಸರ್ಕಾರಿ ಸೈನ್ಯ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾಪಡೆ ಒಂದರ ಮೇಲೊಂದು ಗುಂಡು ಹಾರಿಸಲು ಶುರುಮಾಡಿದವು. ರೋಜಾ ಇಡುವವರು ಎರಡೂ ಕಡೆ ಇದ್ದರು.

ನಮ್ಮ ಮಾಮು ಜೆದ್ದಾದಲ್ಲಿ ಡ್ರೈವರ್. ಅವರ ರೂಮಿನಲ್ಲಿದ್ದ ಸೂಡಾನಿನ ಗೆಳೆಯರಿಗೆ ಖಾರ್ಟೂಮ್‌ನಲ್ಲಿದ್ದ ತಾಯಿಯ ಫೋನ್ ಹತ್ತುತ್ತಿರಲಿಲ್ಲ. ಈದ್ ನಮಾಜ್ ಮುಗಿಸಿ ಬಂದು ಅವರು ದಿನವಿಡೀ ಫೋನ್ ಹಿಡಿದೇ ಕೂತಿದ್ದರಂತೆ. ಮಾಮು ಇದನ್ನು ಹೇಳಿದಾಗ ಅಮ್ಮಿ "ಅಲ್ಲಾಹ್ ರಹಮ್ ಕರೇ" ಎಂದರು. ಆಮೇಲೆ ನಾವು ಶೀರ್ ಖುರ್ಮಾ ತಿಂದೆವು. ನಾನೂ ಮರೆತುಬಿಟ್ಟೆ.

ನೆನಪಾದದ್ದು ಈ ವರ್ಷ. ಇಂಗ್ಲಿಷ್ ಲೆಕ್ಚರರ್ ಒಬ್ಬರು ಲೈಲಾ ಅಬುಲೇಲಾ ಅವರ 'ರಿವರ್ ಸ್ಪಿರಿಟ್' ಕಾದಂಬರಿಯನ್ನು ಓದಲು ಕೊಟ್ಟರು. ಲೈಲಾ 1964ರಲ್ಲಿ ಕೈರೋದಲ್ಲಿ ಹುಟ್ಟಿ ಖಾರ್ಟೂಮ್‌ನಲ್ಲಿ ಬೆಳೆದವರು. ಓದಿದ್ದು ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ. ಕಾಮರ್ಸ್‌ನವರಿಗೆ ಕಥೆಯ ಗೊಡವೆ ಯಾಕೆ ಅನ್ನುವವರು ಇದನ್ನು ಗಮನಿಸಲಿ. 2000ದಲ್ಲಿ ಆಫ್ರಿಕಾದ ಕೇನ್ ಪ್ರಶಸ್ತಿ ಮೊಟ್ಟಮೊದಲು ಬಂದದ್ದು ಅವರಿಗೇ.

ಕಾದಂಬರಿ ಈಗಿನ ಯುದ್ಧದ್ದಲ್ಲ. 1881ರಲ್ಲಿ ಮುಹಮ್ಮದ್ ಅಹ್ಮದ್ ಎಂಬುವರು ತಾವೇ ಮೆಹದಿ ಎಂದು ಘೋಷಿಸಿಕೊಂಡರು. ಜನ ಅವರ ಹಿಂದೆ ಹೋದರು, 1885ರ ಜನವರಿಯಲ್ಲಿ ಖಾರ್ಟೂಮ್ ಬಿತ್ತು. ಆ ಕಾಲದ ಕಥೆ ಇದು. ಅಕುವಾನಿ ಎಂಬ ಅನಾಥ ಹುಡುಗಿಯನ್ನು ನೋಡಿಕೊಳ್ಳುತ್ತೇನೆಂದು ಯಾಸೀನ್ ಎಂಬ ಎಳೆಯ ವ್ಯಾಪಾರಿ ಮಾತು ಕೊಡುತ್ತಾನೆ. ಆಮೇಲೆ ದೀನಿನ ವಿದ್ಯೆ ಕಲಿಯಲು ವ್ಯಾಪಾರ ಬಿಟ್ಟು ಹೊರಡುತ್ತಾನೆ. ಇತ್ತ ಹುಡುಗಿ ಗುಲಾಮಳಾಗಿ ಮಾರಾಟವಾಗುತ್ತಾಳೆ. ಯಾಸೀನ್ ಮೆಹದಿಯನ್ನು ಒಪ್ಪುವುದಿಲ್ಲ. ಒಪ್ಪಿದವರೂ ಸುಳ್ಳು ಭಕ್ತರಲ್ಲ, ಮನಸ್ಸಿಟ್ಟು ನಂಬಿದವರು. ಯಾರು ಸರಿ ಅಂತ ನಾನು ಹುಡುಕುತ್ತಾ ಓದಿದೆ. ಆದರೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ಆ ಹುಡುಗಿಗೆ ಕೊಟ್ಟ ಮಾತು ಏನಾಯಿತು? ದೊಡ್ಡವರು ದೀನಿನ ಬಗ್ಗೆ ವಾದ ಮಾಡುವಾಗ ಕೈಯಲ್ಲಿದ್ದ ಅಮಾನತ್ ಜಾರಿಹೋಗಿತ್ತು.

ನಮ್ಮ ಊರಿಗೂ ಇಂಥ ಕಾಲ ಬಂದಿತ್ತು. 1685ರಲ್ಲಿ ಔರಂಗಜೇಬನ ಸೈನ್ಯ ವಿಜಯಪುರಕ್ಕೆ ಮುತ್ತಿಗೆ ಹಾಕಿತು. ಅದು ವರ್ಷ ಮೀರಿ ನಡೆಯಿತು. 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್ ಶಾಹ ಶರಣಾದ. ಕೋಟೆಯೊಳಗೆ ಜಾಮಿಯಾ ಮಸೀದಿಯ ಅಜಾನ್, ಹೊರಗೆ ಮೊಗಲರ ಡೇರೆಗಳಲ್ಲಿ ಅದೇ ಅಜಾನ್. ನಡುವೆ ಅನ್ನ ಸಿಗದೆ ಒದ್ದಾಡಿದವರ ಕಥೆ ನಮಗೆ ಯಾರೂ ಹೇಳಿಲ್ಲ. ಪರೀಕ್ಷೆಗೆ ಇಸವಿ ಮಾತ್ರ ಬಾಯಿಪಾಠ ಮಾಡಿದ್ದೇವೆ.

ತಿಕೋಟಾದಿಂದ ಬಸ್ಸಿಗೆ ಬರುವ ನನ್ನ ಗೆಳೆಯ ಹೇಳಿದ: "ಸೂಡಾನ್ ತಗೊಂಡು ಏನ್ ಮಾಡ್ತಿ? ನಮ್ಮ ದ್ರಾಕ್ಷಿಗೆ ರೇಟ್ ಇಲ್ಲ, ಅದನ್ನ ಬರಿ." ಅವನ ಮಾತು ತಪ್ಪಲ್ಲ. ಆದರೆ ಸೂಡಾನ್ ಅಷ್ಟು ದೂರವೂ ಇಲ್ಲ. ಯುದ್ಧ ಶುರುವಾದಾಗ ನಮ್ಮ ಕರ್ನಾಟಕದ ಹಕ್ಕಿ-ಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ ಔಷಧ ಮಾರಲು ಹೋದವರು, ಕೆಲವರು ಎಲ್ ಫಾಶರ್ ಪಟ್ಟಣದಲ್ಲಿದ್ದರು. ಮನೆಯಲ್ಲಿ ವಾಗ್ರಿ, ಹೊರಗೆ ಕನ್ನಡ. ನಾನು ಮನೆಯಲ್ಲಿ ಉರ್ದು, ಇಲ್ಲಿ ಕನ್ನಡ ಬರೆಯುವ ಹಾಗೆ. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ ಹಡಗು, ವಿಮಾನಗಳಲ್ಲಿ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಊರಲ್ಲಿ ಹೊಟ್ಟೆ ತುಂಬದಿದ್ದಾಗ ತಾನೇ ಜನ ಅಷ್ಟು ದೂರ ಹೋಗುವುದು? ದ್ರಾಕ್ಷಿಯ ರೇಟು, ಸೂಡಾನಿನ ದಾರಿ ಎರಡೂ ಒಂದೇ ಕಥೆಯ ಪುಟಗಳು.

ಅದೇ ಎಲ್ ಫಾಶರ್‌ನಲ್ಲಿ 2025ರ ಸೆಪ್ಟೆಂಬರ್ 19, ಶುಕ್ರವಾರ, ಫಜ್ರ್ ನಮಾಜಿನ ಹೊತ್ತಿಗೆ ಮಸೀದಿಯ ಮೇಲೆ ಡ್ರೋನ್ ದಾಳಿಯಾಗಿ 70ಕ್ಕೂ ಹೆಚ್ಚು ಜನ ಸತ್ತರು. ಈ ಯುದ್ಧದಲ್ಲಿ 1 ಕೋಟಿಗೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ. ಗಾಜಾಕ್ಕಾಗಿ ನಾವು ಅಳುತ್ತೇವೆ, ಅಳಲೇಬೇಕು. ಸೂಡಾನಿನ ಹೆಸರು ಮಾತ್ರ ನಮ್ಮ ಬಾಯಲ್ಲಿ ಬರುವುದಿಲ್ಲ. ಕೊಲ್ಲುವವರೂ ನಮ್ಮವರೇ ಆದಾಗ ಯಾರ ವಿರುದ್ಧ ಘೋಷಣೆ ಕೂಗುವುದು ಎಂದು ತಿಳಿಯದೆ ನಾವು ಸುಮ್ಮನಾಗುತ್ತೇವೆ ಅನಿಸುತ್ತದೆ. ಈ ಮೌನ ನನಗೆ ಸರಿ ಕಾಣುವುದಿಲ್ಲ.

ಬಬಲೇಶ್ವರದಲ್ಲಿರುವ ನಮ್ಮ ಚಾಚಾ ಕೇಳಿದರು: "ನಾವೆಲ್ ಓದಿದ್ರ ಈಮಾನ್ ಹೆಚ್ಚಾಗ್ತದೇನು?" ನನಗೆ ಗೊತ್ತಿಲ್ಲ ಚಾಚಾ. ಆದರೆ ಒಂದು ಮಾತು ತಿಳಿಯಿತು. ಸಬ್ರ್ ಅಂದರೆ ಬಾಯಿ ಮುಚ್ಚಿಕೊಂಡು ಕೂಡುವುದು ಎಂದುಕೊಂಡಿದ್ದೆ. ಎಲ್ಲ ಕಳೆದುಕೊಂಡವರೂ ಇನ್ನೊಬ್ಬರ ಮಗುವಿಗೆ ತುತ್ತು ಕೊಡುವುದು, ಕೊಟ್ಟ ಮಾತನ್ನು ನೆನಪಿಟ್ಟುಕೊಳ್ಳುವುದು ಸಬ್ರ್ ಎಂದು ಈಗ ಅನಿಸುತ್ತದೆ.

ಆದ್ದರಿಂದ ನನ್ನ ಬೇಡಿಕೆ ಎರಡೇ. ನಮ್ಮ ಲೈಬ್ರರಿಯಲ್ಲಿ ಗೈಡುಗಳ ಪಕ್ಕ ಇಂಥ ಕಾದಂಬರಿಗಳಿಗೂ ಒಂದು ಸಾಲು ಜಾಗ ಸಿಗಲಿ. ಮುಂದಿನ ಜುಮ್ಮಾದ ದುಆದಲ್ಲಿ ಸೂಡಾನಿನ ಹೆಸರನ್ನೂ ಸೇರಿಸೋಣ.

ಮಾಮುವಿನ ಗೆಳೆಯರ ತಾಯಿ ಆ ವರ್ಷವೇ ಗಡಿ ದಾಟಿ ಈಜಿಪ್ಟ್ ಸೇರಿದರು. ತಮ್ಮನ ಸುದ್ದಿ ಇನ್ನೂ ಬಂದಿಲ್ಲ. ಕಳೆದ ವಾರ ಫೋನಿನಲ್ಲಿ ನಾನೇ ಮೊದಲು ಕೇಳಿದೆ, "ಮಾಮು, ಅವರ ತಮ್ಮ?" ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಕೇಳಿದಿ ಅಂತ ಅವರಿಗೆ ಹೇಳ್ತೀನಿ" ಎಂದರು.