ತಿರುಗೇಟು ಹೇಡಿತನ ಅಲ್ರಿ

'ಸೂಪರ್ ಸ್ಮ್ಯಾಶ್ ಬ್ರದರ್ಸ್' ಆಟದಾಗ ಗೆಳ್ಯಾಗ ಸೋತ ನಮ್ಮ ಸಣ್ಣ ಮಗಾ, "ಅವ್ವಾ, ಆ ಮಾರ್ತ್‌ನ 'ಕೌಂಟರ್' ಹೇಡಿಗೋಳ ಆಟ" ಅಂತ ಸಿಟ್ಟು ಮಾಡಿದ. ನಾ ಒಪ್ಪೂದಿಲ್ಲ ನೋಡ್ರಿ. ಮಾರ್ತ್ ಕತ್ತಿ ಅಡ್ಡ ಹಿಡದು ನಿಂತಾಗ ಎದುರಿನಾಂವ ಹೊಡದ್ರಷ್ಟ ತಿರುಗೇಟು. ಹೊಡೀಲಿಲ್ಲಂದ್ರ ಒಂದ್ ಗಳಿಗಿ ತಾನ ಏಟಿಗೆ ಸಿಗ್ತಾನ. ಹಿಡದು ಒಗದ್ರಂತೂ ಕೌಂಟರ್ ನಡಿಯೂದ ಇಲ್ಲ. ಇಷ್ಟು ಗಂಡಾಂತರ ಮೈಮ್ಯಾಲೆ ಎಳಕೊಂಡಾಂವ ಹೇಡಿ ಹೆಂಗಾದಾನು? 2018ರ 'ಅಲ್ಟಿಮೇಟ್'ನ್ಯಾಗ ಹೊಡತ ಜೋರಾದಷ್ಟೂ ತಿರುಗೇಟೂ ಜೋರು. ಹಂಗಂದ್ರ ಅದರ ಬಿರುಸು ಹೊಡದಾಂವಂದ.

ಮೂವತ್ತು ವರ್ಷ ಸುಮ್ಮನಿದ್ದು ಒಮ್ಮೆ ನಾ ತಿರುಗಿ ಮಾತಾಡಿದಾಗ, "ಎದುರುತ್ತರ ಕೊಡ್ತಾಳ" ಅಂದ್ರು. ಮೊದಲನೇ ಮಾತು ಯಾರದಿತ್ತು ಅಂತ ಯಾರೂ ಕೇಳಲಿಲ್ಲ. ತಿರುಗೇಟು ಬ್ಯಾಡಂದ್ರ ಮೊದಲು ಕೈ ಎತ್ತಬ್ಯಾಡ್ರಿ, ಅಷ್ಟ.