ಲೈಸೆನ್ಸ್ ಸಿಕ್ಕ ಮೇಲೆ ಸಿಕ್ಕ ತಪ್ಪು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾವುದಾದ್ರೂ ದೊಡ್ಡ ಪ್ರಾಜೆಕ್ಟ್ ಬಗ್ಗೆ ಮಾತು ಬಂದ್ರೆ ಒಂದು ಡೈಲಾಗ್ ಗ್ಯಾರಂಟಿ: "ಟೆಕ್ನಾಲಜಿ ಎಲ್ಲಾ ರೆಡಿ ಇದೆ ಮಗಾ, ಪರ್ಮಿಷನ್ನೇ ಸಿಗಲ್ಲ." ಮೆಟ್ರೋ ಇರಲಿ, ಡ್ಯಾಮ್ ಇರಲಿ, ಅಣು ವಿದ್ಯುತ್ ಸ್ಥಾವರ ಇರಲಿ, ಕಟ್ಟೋನು ಇಂಜಿನಿಯರ್, ತಡೆಯೋನು ಆಫೀಸರ್ ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಾವು ಲೆಕ್ಕ ಮಾಡ್ತೀವಿ, ಅವರು ಫೈಲ್ ಇಟ್ಕೊಂಡು ಕೂತಿರ್ತಾರೆ!

ನನಗೆ ಈ ಮಾತು ಅರ್ಧ ಸತ್ಯ ಅನ್ಸುತ್ತೆ. ಯಾಕೆ ಅಂತ ಹೇಳೋಕೆ ಅಮೆರಿಕಾದ ಒಂದು ಹಳೇ ಕಥೆ ಬೇಕು. ನಾವು ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ನಡೆದದ್ದು, ಆದ್ರೆ ಡ್ರಾಯಿಂಗ್ ಶೀಟ್ ಮುಟ್ಟಿದ ಯಾರಿಗಾದ್ರೂ ತಕ್ಷಣ ಅರ್ಥ ಆಗುತ್ತೆ.

ಕ್ಯಾಲಿಫೋರ್ನಿಯಾದ ಸಮುದ್ರ ತೀರದಲ್ಲಿ, ಸ್ಯಾನ್ ಲೂಯಿಸ್ ಒಬಿಸ್ಪೊ ಊರಿನ ಹತ್ರ, ಡಯಾಬ್ಲೊ ಕ್ಯಾನ್ಯನ್ ಅಂತ ಒಂದು ಅಣು ವಿದ್ಯುತ್ ಸ್ಥಾವರ ಇದೆ. ಪಿಜಿ ಆ್ಯಂಡ್ ಇ ಅನ್ನೋ ವಿದ್ಯುತ್ ಕಂಪನಿ 1968ರಲ್ಲಿ ಅದನ್ನು ಕಟ್ಟೋಕೆ ಶುರು ಮಾಡ್ತು. ಎರಡು ರಿಯಾಕ್ಟರ್, ಒಂದೊಂದೂ ಸುಮಾರು 1,100 ಮೆಗಾವ್ಯಾಟ್. ನಮ್ಮ ಕೈಗಾದಲ್ಲಿ ಈಗ ನಡೀತಿರೋ ನಾಲ್ಕು ಯುನಿಟ್ ಒಟ್ಟು ಸೇರಿಸಿದ್ರೆ 880. ಗಾತ್ರ ಊಹಿಸ್ಕೊಳ್ಳಿ.

ಕೆಲಸ ನಡೀತಿದ್ದಾಗಲೇ ಮೊದಲ ಶಾಕ್. ಎಣ್ಣೆ ಹುಡುಕ್ತಿದ್ದ ಭೂವಿಜ್ಞಾನಿಗಳು ಕರಾವಳಿಯ ಆಚೆ ಸಮುದ್ರದ ತಳದಲ್ಲಿ ಒಂದು ಭೂಬಿರುಕು ಇರೋದನ್ನ 1971ರಲ್ಲಿ ಪ್ರಕಟಿಸಿದ್ರು. ಅದಕ್ಕೆ ಹೊಸ್‌ಗ್ರಿ ಫಾಲ್ಟ್ ಅಂತ ಹೆಸರು. ಸ್ಥಾವರದಿಂದ ಅದು ಬರೀ ಐದು ಕಿಲೋಮೀಟರ್‌ನಷ್ಟು ದೂರ. ಅಷ್ಟೊತ್ತಿಗೆ ಕಟ್ಟಡ ಅರ್ಧ ಎದ್ದಿತ್ತು. ಅಮೆರಿಕಾದ ಅಣು ನಿಯಂತ್ರಣ ಆಯೋಗ, ಅಂದ್ರೆ ಎನ್‌ಆರ್‌ಸಿ, 7.5 ತೀವ್ರತೆಯ ಭೂಕಂಪಕ್ಕೆ ಸ್ಥಾವರ ತಡ್ಕೊಳ್ಳುತ್ತೆ ಅಂತ ತೋರಿಸಿ, ಆಮೇಲೆ ಲೈಸೆನ್ಸ್ ಮಾತು ಅಂತು. ಕಂಪನಿ ಮತ್ತೆ ಲೆಕ್ಕಕ್ಕೆ ಕೂತ್ಕೊಳ್ತು. ಕಟ್ಟಿದ್ದಕ್ಕೆಲ್ಲ ಹೊಸದಾಗಿ ಬಲ ಕೊಡ್ಬೇಕಾಯ್ತು. ಈ ನಡುವೆ 1979ರಲ್ಲಿ ತ್ರೀ ಮೈಲ್ ಐಲ್ಯಾಂಡ್ ಅಪಘಾತ ಆಯ್ತು. ಇಡೀ ದೇಶದಲ್ಲಿ ಹೊಸ ಲೈಸೆನ್ಸ್ ಕೊಡೋದು ನಿಧಾನ ಆಯ್ತು.

ಕೊನೆಗೆ 1981ರ ಸೆಪ್ಟೆಂಬರ್. ಗೇಟಿನ ಹೊರಗೆ ಸಾವಿರಾರು ಜನ ಪ್ರತಿಭಟನೆಗೆ ಕೂತಿದ್ರು, ಸುಮಾರು 1,900 ಜನರನ್ನ ಪೊಲೀಸರು ಬಂಧಿಸಿದ್ರು. ಅದೇ ಹೊತ್ತಿಗೆ ಎನ್‌ಆರ್‌ಸಿ ಮೊದಲನೇ ಯುನಿಟ್‌ಗೆ ಕಡಿಮೆ ಪವರ್‌ನಲ್ಲಿ ಪರೀಕ್ಷೆ ನಡೆಸೋಕೆ ಲೈಸೆನ್ಸ್ ಕೊಡ್ತು. ಕಂಪನಿ ಗೆದ್ದಿತ್ತು. ಕಥೆ ಇಲ್ಲಿಗೆ ಮುಗೀಬೇಕಿತ್ತು.

ಮುಗೀಲಿಲ್ಲ. ಲೈಸೆನ್ಸ್ ಬಂದ ಕೆಲವೇ ದಿನಗಳಲ್ಲಿ ಕಂಪನಿಯ ಒಬ್ಬ ಯುವ ಇಂಜಿನಿಯರ್‌ಗೆ ಡ್ರಾಯಿಂಗ್‌ಗಳಲ್ಲಿ ಏನೋ ಹೊಂದ್ತಿಲ್ಲ ಅನ್ನೋದು ಕಣ್ಣಿಗೆ ಬಿತ್ತು.

ಇಲ್ಲಿ ಸ್ವಲ್ಪ ಟೆಕ್ನಿಕಲ್. ನಮ್ಮೂರ ಕಡೆ ಅಣ್ಣ-ತಮ್ಮ ಪಾಲಾದಾಗ ಒಂದೇ ಗೋಡೆ ಹಂಚ್ಕೊಂಡು ಎರಡು ಮನೆ ಕಟ್ತಾರಲ್ಲ, ಒಂದರಲ್ಲಿ ಅಡುಗೆಮನೆ ಎಡಕ್ಕಿದ್ರೆ ಇನ್ನೊಂದರಲ್ಲಿ ಬಲಕ್ಕೆ. ಡಯಾಬ್ಲೊ ಕ್ಯಾನ್ಯನ್‌ನ ಎರಡು ಯುನಿಟ್‌ಗಳೂ ಹಾಗೇ, ಒಂದಕ್ಕೊಂದು ಕನ್ನಡಿಯ ಬಿಂಬ. ಭೂಕಂಪ ಆದಾಗ ಕಟ್ಟಡದ ಒಳಗಿನ ಎಲ್ಲಾ ಜಾಗ ಒಂದೇ ಥರ ಅಲುಗಲ್ಲ. ಯಾವ ಜಾಗ ಎಷ್ಟು ಅಲುಗುತ್ತೆ ಅಂತ ಮೊದಲು ಲೆಕ್ಕ ಹಾಕಿ, ಅದರ ಪ್ರಕಾರ ಪೈಪ್‌ಗಳಿಗೂ ಉಪಕರಣಗಳಿಗೂ ಸಪೋರ್ಟ್ ಕೊಡ್ತಾರೆ. ಈ ಲೆಕ್ಕವನ್ನ ಕಂಪನಿ ಹೊರಗಿನ ಒಂದು ಕನ್ಸಲ್ಟೆಂಟ್ ಸಂಸ್ಥೆಗೆ ಕೊಟ್ಟಿತ್ತು. ಡ್ರಾಯಿಂಗ್ ಒಂದು ಯುನಿಟ್‌ದು, ಲೆಕ್ಕ ಅನ್ವಯಿಸಿದ್ದು ಇನ್ನೊಂದಕ್ಕೆ. ಎಡ ಬಲ ಆಗಿತ್ತು, ಬಲ ಎಡ ಆಗಿತ್ತು. ಅಂದ್ರೆ ಕೆಲವು ಪೈಪ್‌ಗಳಿಗೆ ಕೊಟ್ಟ ಸಪೋರ್ಟ್ ಪಕ್ಕದ ಮನೆಯ ಲೆಕ್ಕದ್ದು!

ಲೆಕ್ಕದಲ್ಲಿ ತಪ್ಪಿರಲಿಲ್ಲ, ಕಾಂಕ್ರೀಟ್ ಚೆನ್ನಾಗೇ ಇತ್ತು, ಸ್ಟೀಲೂ ಚೆನ್ನಾಗೇ ಇತ್ತು. ಎರಡು ಆಫೀಸ್‌ಗಳ ನಡುವೆ ಓಡಾಡಿದ ಒಂದು ಹಾಳೆ ಯಾವ ಯುನಿಟ್‌ದು ಅನ್ನೋದನ್ನ ಯಾರೂ ಸರಿಯಾಗಿ ಖಚಿತಪಡಿಸ್ಕೊಂಡಿರಲಿಲ್ಲ, ಅಷ್ಟೇ.

ಕಂಪನಿ ಇದನ್ನ ಎನ್‌ಆರ್‌ಸಿಗೆ ತಿಳಿಸ್ತು. 1981ರ ನವೆಂಬರ್‌ನಲ್ಲಿ ಎನ್‌ಆರ್‌ಸಿ ತಾನೇ ಕೊಟ್ಟ ಲೈಸೆನ್ಸನ್ನ ಅಮಾನತಿನಲ್ಲಿಟ್ತು. ಹೊರಗಿನ ಸ್ವತಂತ್ರ ತಂಡದಿಂದ ಇಡೀ ವಿನ್ಯಾಸದ ಪರಿಶೀಲನೆ ಆಗಲಿ ಅಂತು. ಹುಡುಕೋಕೆ ಹೋದಾಗ ಇನ್ನಷ್ಟು ತಪ್ಪು ಸಿಕ್ಕವು. ಮತ್ತೆ ಲೆಕ್ಕ, ಮತ್ತೆ ಸಪೋರ್ಟ್ ಬದಲಾವಣೆ. ಪೂರ್ತಿ ಪವರ್‌ಗೆ ಲೈಸೆನ್ಸ್ ಸಿಕ್ಕಿದ್ದು 1984ರ ನವೆಂಬರ್‌ನಲ್ಲಿ. ಮೊದಲನೇ ಯುನಿಟ್ ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 1985ರಲ್ಲಿ, ಎರಡನೇದು 1986ರಲ್ಲಿ. ಶುರುವಲ್ಲಿ ಮೂವತ್ತೆರಡು ಕೋಟಿ ಡಾಲರ್ ಅಂದಾಜಿದ್ದ ಸ್ಥಾವರಕ್ಕೆ ಕೊನೆಗೆ ಐನೂರು ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಯ್ತು.

ಈ ಕಥೆಯಲ್ಲಿ ನನ್ನನ್ನ ಕಾಡೋದು ಒಂದು ವಿಷಯ. ಗೇಟಿನ ಹೊರಗಿದ್ದ ಸಾವಿರಾರು ಜನಕ್ಕೆ ಈ ತಪ್ಪು ಗೊತ್ತಿರಲಿಲ್ಲ, ಅವರ ಕೈಯಲ್ಲಿ ಆ ಡ್ರಾಯಿಂಗೇ ಇರಲಿಲ್ಲ. ವರ್ಷಗಟ್ಟಲೆ ಫೈಲ್ ನೋಡಿದ ಎನ್‌ಆರ್‌ಸಿಗೂ ಗೊತ್ತಾಗಲಿಲ್ಲ, ಸೀಲ್ ಒತ್ತೇಬಿಟ್ತು. ಗೊತ್ತಾಗಿದ್ದು ಒಳಗಿದ್ದ ಒಬ್ಬ ಇಂಜಿನಿಯರ್‌ಗೆ. ಹಾಗಾದ್ರೆ ಲೈಸೆನ್ಸ್ ಅನ್ನೋದು ದಂಡ ಅಂತೀರಾ? ನಾನು ಉಲ್ಟಾ ಹೇಳ್ತೀನಿ. ಕೊಟ್ಟ ಅನುಮತಿಯನ್ನ ವಾಪಸ್ ತಗೊಳ್ಳೋ ಧೈರ್ಯ ಇರೋ ಸಂಸ್ಥೆ ಹೊರಗೆ ಇದ್ದಿದ್ದರಿಂದಲೇ ಒಳಗಿನವನ ಮಾತಿಗೆ ಬೆಲೆ ಬಂತು. ಆ ಸಂಸ್ಥೆ ಇಲ್ಲದಿದ್ರೆ ಆ ತಪ್ಪು ಒಂದು ಕಪಾಟಿನಲ್ಲಿ ಸುಮ್ನೆ ಮಲಗ್ತಿತ್ತೋ ಏನೋ. ಒಳಗಿನ ಕಣ್ಣು, ಹೊರಗಿನ ಅಧಿಕಾರ, ಎರಡೂ ಬೇಕು. ಒಂದೇ ಇದ್ರೆ ಪ್ರಯೋಜನ ಇಲ್ಲ.

ವಾದಕ್ಕೆ ಬರೋರು ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ಮೂರು ವರ್ಷದ ತಡ ಅಂದ್ರೆ ಆ ಮೂರು ವರ್ಷ ಕರೆಂಟ್ ಬೇರೆ ಕಡೆಯಿಂದ ಬರ್ಬೇಕು, ಎಣ್ಣೆ ಗ್ಯಾಸ್ ಸುಟ್ಟು. ಆ ಹೊಗೆಗೂ ಬೆಲೆ ಇದೆ, ಯಾರೂ ಅದಕ್ಕೆ ಗೇಟ್ ಮುಂದೆ ಕೂರಲ್ಲ. ಜಾಸ್ತಿಯಾದ ಖರ್ಚಿನಲ್ಲಿ ದೊಡ್ಡ ಪಾಲು ಕೊನೆಗೆ ಜನರ ಬಿಲ್‌ಗೇ ಬರುತ್ತೆ. ಅರ್ಧ ಕಟ್ಟಿದ ಮೇಲೆ ನಿಯಮ ಬದಲಾಯಿಸೋದು ಕಟ್ಟೋರಿಗೆ ನಿಜಕ್ಕೂ ನರಕ. ಇನ್ನೊಂದು ಮಾತೂ ಒಪ್ಕೊಳ್ಬೇಕು: 2003ರಲ್ಲಿ ಸ್ಯಾನ್ ಸಿಮಿಯನ್ ಹತ್ರ 6.5 ತೀವ್ರತೆಯ ಭೂಕಂಪ ಆದಾಗ ಡಯಾಬ್ಲೊ ಕ್ಯಾನ್ಯನ್‌ಗೆ ಗಂಭೀರ ಹಾನಿ ಆಗಲಿಲ್ಲ, ಆದ್ರೆ ತಪ್ಪು ಸರಿಮಾಡದೆ ಇದ್ದಿದ್ರೆ ಹಾನಿ ಆಗ್ತಿತ್ತು ಅಂತ ಅದರಿಂದ ಸಾಬೀತಾಗಲ್ಲ. ಆದ್ರೂ ಎಡ ಬಲ ಅದಲು ಬದಲಾಗಿದೆ ಅಂತ ಗೊತ್ತಾದ ಮೇಲೆ "ನಡೀಲಿ ಬಿಡಿ" ಅನ್ನೋಕೆ ಯಾವ ಇಂಜಿನಿಯರ್‌ಗೆ ಬಾಯಿ ಬರುತ್ತೆ?

ದೂರದ ಕಥೆ ಸಾಕು ಅನ್ನೋರಿಗೆ ನಮ್ಮ ಉತ್ತರ ಕನ್ನಡ ಇದೆ. 1994ರ ಮೇ ತಿಂಗಳಲ್ಲಿ ಕೈಗಾದ ಮೊದಲನೇ ಯುನಿಟ್‌ನ ಕಾಂಕ್ರೀಟ್ ಗುಮ್ಮಟದ ಒಳಪದರ ಕಳಚಿ ಬಿತ್ತು. ಬಿದ್ದದ್ದು ಟನ್‌ಗಟ್ಟಲೆ ಕಾಂಕ್ರೀಟ್. ಕೆಲಸ ಮಾಡ್ತಿದ್ದವರಿಗೆ ಗಾಯ ಆಯ್ತು. ಇನ್ನೂ ಇಂಧನ ತುಂಬಿರಲಿಲ್ಲ, ಅದು ನಮ್ಮ ಪುಣ್ಯ. ಗುಮ್ಮಟದಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಸ್ಟೀಲ್ ಕೇಬಲ್‌ಗಳು ಬಾಗೋ ಕಡೆ ಕಾಂಕ್ರೀಟನ್ನ ಪದರ ಪದರವಾಗಿ ಬಿಡಿಸೋ ಬಲ ಹುಟ್ಟುತ್ತೆ, ಅದನ್ನ ವಿನ್ಯಾಸ ಸರಿಯಾಗಿ ಲೆಕ್ಕಕ್ಕೆ ತಗೊಂಡಿರಲಿಲ್ಲ. ಇಲ್ಲೂ ಕೆಲಸ ನಿಂತ್ತು, ತನಿಖೆ ಆಯ್ತು, ಗುಮ್ಮಟವನ್ನ ಹೊಸ ವಿನ್ಯಾಸದಲ್ಲಿ ಕಟ್ಟಿದ್ರು. ಮೊದಲನೇ ಯುನಿಟ್‌ಗಿಂತ ಎರಡನೇ ಯುನಿಟ್ಟೇ ಮೊದಲು ಶುರುವಾಯ್ತು. 2000ದಲ್ಲಿ ಎರಡೂ ಉತ್ಪಾದನೆಗೆ ಬಂದವು.

ಅದೇ ಮೊದಲನೇ ಯುನಿಟ್ 2016ರಿಂದ 2018ರ ಕೊನೆಯವರೆಗೆ ಒಂದು ಸಲವೂ ನಿಲ್ಲದೆ 962 ದಿನ ಓಡ್ತು. ಆಗ ಅದು ವಿಶ್ವ ದಾಖಲೆ. ನಾವು ವಾಟ್ಸಾಪ್ ಸ್ಟೇಟಸ್ ಹಾಕೋದು 962ಕ್ಕೆ. 1994ರ ಆಮೇಲಿನ ವರ್ಷಗಳಿಗೆ ಯಾರೂ ಹಾಕಲ್ಲ. ಆದ್ರೆ ಗುಮ್ಮಟ ಬಿದ್ದ ಮೇಲೆ ಅವಸರ ಪಡದೆ ಇದ್ದಿದ್ದಕ್ಕೂ ಈ ದಾಖಲೆಯಲ್ಲಿ ಪಾಲಿದೆ ಅಂತ ನಾನು ನಂಬ್ತೀನಿ.

ಈಗ ಇದೆಲ್ಲಾ ಯಾಕೆ ಅಂದ್ರೆ, ಕೈಗಾದಲ್ಲಿ 700 ಮೆಗಾವ್ಯಾಟ್‌ನ ಇನ್ನೆರಡು ಯುನಿಟ್ ಬರ್ತಿವೆ. ನಮ್ಮಲ್ಲಿ ಅನುಮತಿ ಕೊಡೋದು ಎಇಆರ್‌ಬಿ, 1983ರಲ್ಲಿ ಶುರುವಾದ ಮಂಡಳಿ. ಜಾಗ, ನಿರ್ಮಾಣ, ಚಾಲನೆಗೆ ಮುಂಚಿನ ಪರೀಕ್ಷೆ, ಚಾಲನೆ, ಹೀಗೆ ಹಂತ ಹಂತಕ್ಕೂ ಬೇರೆ ಬೇರೆ ಒಪ್ಪಿಗೆ. ಆದ್ರೆ ಆ ಮಂಡಳಿ ವರದಿ ಒಪ್ಪಿಸ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ, ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಕಟ್ಟೋ ಮನೆಯ ಯಜಮಾನನಿಗೇ ತನಿಖೆ ಮಾಡೋನು ವರದಿ ಕೊಟ್ಟ ಹಾಗೆ. 2012ರಲ್ಲಿ ಸಿಎಜಿ ವರದಿ ಈ ಕೊರತೆಯನ್ನ ಎತ್ತಿ ತೋರಿಸಿತ್ತು. ಅಮೆರಿಕಾ ಇದೇ ಕಾರಣಕ್ಕೆ ತನ್ನ ಹಳೇ ಆಯೋಗವನ್ನ ಒಡೆದು 1975ರಲ್ಲಿ ಎನ್‌ಆರ್‌ಸಿಯನ್ನ ಬೇರೆ ಮಾಡಿತ್ತು. 2025ರ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತು ಪಾಸ್ ಮಾಡಿದ ಹೊಸ ಕಾಯ್ದೆ ಎಇಆರ್‌ಬಿಗೆ ಕಾನೂನಿನ ಬಲ ಕೊಟ್ಟಿದೆ, ಜೊತೆಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಮುಂದೆ ಅರ್ಜಿ ಹಾಕೋರು ಜಾಸ್ತಿ ಆಗ್ತಾರೆ, ಅವಸರವೂ ಜಾಸ್ತಿ ಆಗುತ್ತೆ. ಕಾಗದದ ಮೇಲಿನ ಬಲ ನಿಜವಾದ ಬಲ ಹೌದೋ ಅಲ್ವೋ ಅನ್ನೋದು, ಕೊಟ್ಟ ಲೈಸೆನ್ಸನ್ನ ಒಂದು ದಿನ ವಾಪಸ್ ತಗೋಬೇಕಾದಾಗ ಗೊತ್ತಾಗುತ್ತೆ.

ಅದು ದೆಹಲಿ, ಮುಂಬೈ ವಿಷಯ ಆಯ್ತು. ನಮ್ಮ ವಿಷಯ ಇನ್ನೂ ಹತ್ತಿರದ್ದು. ಅರ್ಜಿ ಹಾಕೋ ಕಂಪನಿಯಲ್ಲಿ, ಲೆಕ್ಕ ಮಾಡೋ ಕನ್ಸಲ್ಟೆನ್ಸಿಯಲ್ಲಿ, ಪರಿಶೀಲಿಸೋ ಮಂಡಳಿಯಲ್ಲಿ ಕೂರೋರು ನಮ್ಮಂಥವರೇ. ನಾವು ಯಾವ ಅಭ್ಯಾಸ ತಗೊಂಡು ಹೋಗ್ತಿದೀವಿ? ಮೊದಲ ವರ್ಷದ ಡ್ರಾಯಿಂಗ್ ಶೀಟ್‌ನ ಬಲಗಡೆ ಕೆಳಗೆ ಒಂದು ಚೌಕ ಇರುತ್ತೆ: ಬರೆದವರು ಯಾರು, ಪರಿಶೀಲಿಸಿದವರು ಯಾರು. ಪರಿಶೀಲಿಸಿದವರ ಜಾಗ ಖಾಲಿ ಇರುತ್ತೆ, ಇಲ್ಲಾಂದ್ರೆ ಪಕ್ಕದವನು ನೋಡದೇ ಸಹಿ ಹಾಕಿರ್ತಾನೆ. ಮಿನಿ ಪ್ರಾಜೆಕ್ಟ್ ಸಬ್ಮಿಟ್ ಆದ ಮೇಲೆ "ಸಾರ್, ನಮ್ಮ ಲೆಕ್ಕದಲ್ಲಿ ತಪ್ಪಿದೆ" ಅಂದವನಿಗೆ ಮಾರ್ಕ್ಸ್ ಕಟ್. ಸುಮ್ನಿದ್ದವನಿಗೆ ಫುಲ್. ನಾಲ್ಕು ವರ್ಷ ಹೀಗೇ ಕಲಿತವನು, ಲೈಸೆನ್ಸ್ ಬಂದು ಕಂಪನಿಯಲ್ಲಿ ಸ್ವೀಟ್ ಹಂಚ್ತಿರೋ ದಿನ, ಡ್ರಾಯಿಂಗ್ ಉಲ್ಟಾ ಇದೆ ಅಂತ ಬಾಯಿ ಬಿಡ್ತಾನಾ?

ಅದಕ್ಕೆ ಡಿಪಾರ್ಟ್‌ಮೆಂಟ್‌ಗಳ ಮುಂದೆ ಒಂದು ಸಣ್ಣ ಬೇಡಿಕೆ. ಈ ಸೆಮಿಸ್ಟರ್‌ನಿಂದಲೇ ಪ್ರತಿ ಮಿನಿ ಪ್ರಾಜೆಕ್ಟನ್ನ ಬೇರೆ ಬ್ಯಾಚ್‌ನವರು ಪರಿಶೀಲಿಸಿ ಹೆಸರು ಬರೀಲಿ, ಆ ಪರಿಶೀಲನೆಗೂ ಮಾರ್ಕ್ಸ್ ಇರಲಿ. ಸಬ್ಮಿಷನ್ ಆದ ಮೇಲೂ ತನ್ನ ತಪ್ಪನ್ನ ತಾನೇ ಹೇಳಿ ತಿದ್ದಿದ ಬ್ಯಾಚ್‌ಗೆ ಒಂದು ಮಾರ್ಕೂ ಕಟ್ ಆಗಬಾರದು. ಇದಕ್ಕೆ ಲ್ಯಾಬ್ ಬೇಡ, ಫಂಡ್ ಬೇಡ. ಪರ್ಮಿಷನ್ ಒಂದು ಬೇಕು. ಅದನ್ನ ಕೊಡೋಕೆ ತಡ ಮಾಡ್ಬೇಡಿ ಅಷ್ಟೇ.