ಬಡಗಿಗೆ ದಕ್ಕದ ಪದಕ

ಅಧ್ಯಾಪಕರು ರಜೆ ಹಾಕಿದ ತರಗತಿಗೆ ಹೋಗಿ ಮಕ್ಕಳಿಗೆ ಕಥೆ ಹೇಳುವುದು ನನಗೆ ಬಹಳ ಪ್ರಿಯವಾದ ಕೆಲಸವಾಗಿತ್ತು. ಹಾಗೆ ಎಷ್ಟೋ ಸಲ ಹೇಳಿದ್ದು ಅರ್ನೆಸ್ಟ್ ಶ್ಯಾಕಲ್ಟನ್ನನ ಕಥೆ. ಅಂಟಾರ್ಕ್ಟಿಕಾ ಖಂಡವನ್ನು ಈ ತೀರದಿಂದ ಆ ತೀರದವರೆಗೆ ದಾಟುವೆನೆಂದು 1914ರಲ್ಲಿ ಹೊರಟವನ ‘ಎಂಡ್ಯೂರೆನ್ಸ್’ ಹಡಗು 1915ರ ಜನವರಿಯಲ್ಲಿ ವೆಡೆಲ್ ಸಮುದ್ರದ ಹಿಮದಲ್ಲಿ ಸೆರೆಯಾಯಿತು. ಹಿಮದ ಒತ್ತಡಕ್ಕೆ ಜಜ್ಜಿಹೋಗಿ ಅದೇ ನವೆಂಬರಿನಲ್ಲಿ ಮುಳುಗಿತು. ಹಡಗಿನಲ್ಲಿದ್ದವರು 28 ಮಂದಿ. “ಒಬ್ಬನೂ ಸಾಯಲಿಲ್ಲ ಮಕ್ಕಳೇ, ನಾಯಕನೆಂದರೆ ಹೀಗಿರಬೇಕು” ಎಂದು ಕಥೆ ಮುಗಿಸುತ್ತಿದ್ದೆ.

ಆ ಮಾತಿಗೆ ಆಧಾರವಿರಲಿಲ್ಲವೆಂದಲ್ಲ. ಖಂಡವನ್ನು ದಾಟುವ ಹಂಬಲವನ್ನು ಒಂದೇ ಏಟಿಗೆ ಬಿಟ್ಟು, ಜನರನ್ನು ಜೀವಂತ ಮನೆಗೆ ಒಯ್ಯುವುದಷ್ಟೇ ಗುರಿ ಎಂದು ಬದಲಾಯಿಸಿಕೊಳ್ಳಲು ಎಂಟೆದೆ ಬೇಕು. ಭಾರವೆಂದು ಚಿನ್ನದ ನಾಣ್ಯಗಳನ್ನು ಹಿಮಕ್ಕೆ ಎಸೆದ ಮನುಷ್ಯ, ಹಸಿ ಎಂಬ ಜತೆಗಾರನ ಬ್ಯಾಂಜೊ ವಾದ್ಯವನ್ನು ಮಾತ್ರ ಉಳಿಸಿಕೊಂಡ. ಬೆಚ್ಚನೆಯ ತುಪ್ಪಳದ ಮಲಗುಚೀಲಗಳು ಎಲ್ಲರಿಗೂ ಸಾಲದಾದಾಗ ಅವು ಸಾಮಾನ್ಯ ನಾವಿಕರಿಗೆ ಹೋದವು, ಉಣ್ಣೆಯವು ಅಧಿಕಾರಿಗಳಿಗೆ ಬಂದವು. ದೋಣಿಯಲ್ಲಿ ತನ್ನ ಕೈಗವಸನ್ನು ಛಾಯಾಗ್ರಾಹಕ ಹರ್ಲಿಗೆ ಕೊಟ್ಟು ತಾನು ಬೆರಳು ಮರಗಟ್ಟಿಸಿಕೊಂಡ. ಇವೆಲ್ಲ ನಿಜ.

ನಾನು ಕಥೆಯಲ್ಲಿ ಬಿಡುತ್ತಿದ್ದದ್ದು ಬಡಗಿಯನ್ನು. ಅವನ ಹೆಸರು ಹ್ಯಾರಿ ಮ್ಯಾಕ್‌ನಿಶ್. ಅವನು ಸಾಕಿದ್ದ ಬೆಕ್ಕನ್ನು, ಹಡಗು ಬಿಟ್ಟೊಡನೆ, ನಾಯಕನ ಆಜ್ಞೆಯಂತೆ ಗುಂಡಿಟ್ಟು ಕೊಂದರು. ಡಿಸೆಂಬರಿನಲ್ಲಿ ಮೆತ್ತನೆಯ ಹಿಮದ ಮೇಲೆ ದೋಣಿಗಳನ್ನು ಎಳೆಯುತ್ತಿದ್ದಾಗ ಅವನು ನಿಂತುಬಿಟ್ಟ. ಹಡಗೇ ಮುಳುಗಿದ ಮೇಲೆ ಕರಾರು ಎಲ್ಲಿ ಉಳಿಯಿತು, ನಿಮ್ಮ ಆಜ್ಞೆ ಯಾಕೆ ಕೇಳಬೇಕು ಎಂಬುದು ಅವನ ವಾದ. ಶ್ಯಾಕಲ್ಟನ್ ಎಲ್ಲರನ್ನೂ ಸೇರಿಸಿ ಕರಾರನ್ನು ಓದಿ ಹೇಳಿ ಅವನನ್ನು ದಾರಿಗೆ ತಂದ. ಆದರೆ ಮರೆಯಲಿಲ್ಲ.

1916ರ ಏಪ್ರಿಲಿನಲ್ಲಿ ಎಲಿಫೆಂಟ್ ದ್ವೀಪ ಮುಟ್ಟಿದಾಗ, ಸುಮಾರು 1,300 ಕಿಲೋಮೀಟರು ದೂರದ ದಕ್ಷಿಣ ಜಾರ್ಜಿಯಾಕ್ಕೆ ಹೋಗಿ ನೆರವು ತರದೆ ಬೇರೆ ಉಪಾಯವಿರಲಿಲ್ಲ. ‘ಜೇಮ್ಸ್ ಕೇರ್ಡ್’ ಎಂಬ ಪುಟ್ಟ ದೋಣಿಗೆ ಪಕ್ಕದ ಹಲಗೆ ಏರಿಸಿದವನು, ಕ್ಯಾನ್ವಾಸಿನ ಮೇಲುಹೊದಿಕೆ ಕಟ್ಟಿದವನು, ಸಂದುಗಳಿಗೆ ದೀಪದ ಬತ್ತಿ ತುರುಕಿ ಬಣ್ಣವನ್ನೂ ಸೀಲಿನ ರಕ್ತವನ್ನೂ ಮೆತ್ತಿದವನು ಇದೇ ಮ್ಯಾಕ್‌ನಿಶ್. ವರ್ಸ್‌ಲಿ ನಾಲ್ಕೇ ನಾಲ್ಕು ಸಲ ಕಂಡ ಸೂರ್ಯನನ್ನು ನಂಬಿ ದಾರಿ ಹಿಡಿದ. ಆರು ಮಂದಿ ಮೇ 10ರಂದು ದಡ ಸೇರಿದರು. ಉಳಿದ 22 ಮಂದಿಯನ್ನು ಚಿಲಿ ದೇಶದ ‘ಯೆಲ್ಚೊ’ ಆಗಸ್ಟ್ 30ರಂದು ಕರೆತಂದಿತು. ಆ ದೋಣಿ ಸೋರಿ ಮುಳುಗಿದ್ದರೆ ನನ್ನ ಕಥೆಗೆ ಕೊನೆಯೇ ಇರುತ್ತಿರಲಿಲ್ಲ.

ಧ್ರುವ ಪದಕಕ್ಕೆ ಶಿಫಾರಸು ಮಾಡುವಾಗ ಶ್ಯಾಕಲ್ಟನ್ ನಾಲ್ವರನ್ನು ಕೈಬಿಟ್ಟ. ಅವರಲ್ಲಿ ಮ್ಯಾಕ್‌ನಿಶ್ ಒಬ್ಬ. ಹಡಗಿನ ವೈದ್ಯ ಮ್ಯಾಕ್ಲಿನ್ ಇದನ್ನು ಘೋರ ಅನ್ಯಾಯವೆಂದೇ ಹೇಳಿದ್ದಾನೆ. ಬಡಗಿ 1930ರಲ್ಲಿ ವೆಲಿಂಗ್ಟನ್ನಿನಲ್ಲಿ ಬಡತನದಲ್ಲೇ ಸತ್ತ. 2004ರಲ್ಲಿ ಯಾರೋ ಪುಣ್ಯಾತ್ಮರು ಅವನ ಸಮಾಧಿಯ ಮೇಲೆ ಕಂಚಿನ ಬೆಕ್ಕೊಂದನ್ನು ಕೂರಿಸಿದ್ದಾರೆ.

ಇನ್ನು “ಒಬ್ಬನೂ ಸಾಯಲಿಲ್ಲ” ಎಂಬ ಮಾತು. ಖಂಡದ ಇನ್ನೊಂದು ಬದಿಯಲ್ಲಿ, ರಾಸ್ ಸಮುದ್ರದ ಕಡೆಯಿಂದ, ಅದೇ ಯಾತ್ರೆಯ ಇನ್ನೊಂದು ತಂಡ ಶ್ಯಾಕಲ್ಟನ್ನನಿಗಾಗಿ ದಾರಿಯುದ್ದಕ್ಕೂ ಆಹಾರ ಇಡುತ್ತಿತ್ತು. 1915ರ ಮೇ ತಿಂಗಳಲ್ಲಿ ಅವರ ‘ಅರೋರಾ’ ಹಡಗು ಬಿರುಗಾಳಿಗೆ ಕಿತ್ತುಕೊಂಡು ಹೋಗಿ ಹತ್ತು ಮಂದಿ ದಡದಲ್ಲುಳಿದರು. ಅವನು ಬರುವುದಿಲ್ಲವೆಂಬ ಸುದ್ದಿ ಅವರಿಗೆ ಮುಟ್ಟುವ ಬಗೆಯೇ ಇರಲಿಲ್ಲ. ಬಾರದವನಿಗಾಗಿ ಬುತ್ತಿ ಹೊತ್ತು ಬಿಯರ್ಡ್‌ಮೋರ್ ಹಿಮನದಿಯ ಬಳಿಯವರೆಗೂ ನಡೆದರು. ಪಾದ್ರಿ ಸ್ಪೆನ್ಸರ್-ಸ್ಮಿತ್‌ನನ್ನು ಜತೆಗಾರರು ವಾರಗಟ್ಟಲೆ ಜಾರುಬಂಡಿಯಲ್ಲಿ ಎಳೆದರೂ ಉಳಿಸಿಕೊಳ್ಳಲಾಗಲಿಲ್ಲ. ಮ್ಯಾಕಿಂಟಾಷ್ ಮತ್ತು ಹೇವರ್ಡ್ 1916ರ ಮೇ 8ರಂದು ಸಮುದ್ರದ ಹಿಮದ ಮೇಲೆ ನಡೆದುಹೋದವರು ಮತ್ತೆ ಕಾಣಲಿಲ್ಲ. ಉಳಿದ ಏಳು ಮಂದಿಯನ್ನು ಕರೆತರಲು 1917ರ ಜನವರಿಯಲ್ಲಿ ಹೋದ ಹಡಗಿನಲ್ಲಿ ಶ್ಯಾಕಲ್ಟನ್ನನೂ ಇದ್ದ, ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು. ಆದರೂ ಸತ್ತ ಮೂವರು ಅವನ ಜನರೇ. ಲೆಕ್ಕದಲ್ಲಿ ಅವರನ್ನು ಬಿಟ್ಟು “ಎಲ್ಲರೂ ಉಳಿದರು” ಎನ್ನುವುದು ನನಗೆ ಈಗ ಸಮ್ಮತವಲ್ಲ. 2022ರ ಮಾರ್ಚಿನಲ್ಲಿ ‘ಎಂಡ್ಯೂರೆನ್ಸ್’ ಮೂರು ಸಾವಿರ ಮೀಟರು ಆಳದಲ್ಲಿ ಪತ್ತೆಯಾದಾಗ ಪತ್ರಿಕೆಗಳಲ್ಲಿ ನಾನು ಮತ್ತೆ ಹುಡುಕಿದ್ದು ಈ ಹೆಸರುಗಳನ್ನೇ.

ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲದಲ್ಲಿ ನಮ್ಮ ಶಾಲೆಯ ಜವಾನರೊಬ್ಬರು, “ಭಾನುವಾರವೂ ಬರಬೇಕೆಂದು ಯಾವ ನಿಯಮದಲ್ಲಿದೆ ಸಾರ್?” ಎಂದು ಎಲ್ಲ ಶಿಕ್ಷಕರೆದುರು ಕೇಳಿದ್ದರು. ಅದೇ ಮಳೆಗಾಲ ಗಾಳಿಗೆ ಹೆಂಚು ಹಾರಿದಾಗ, ಯಾರೂ ಕರೆಯದೆ ರಾತ್ರಿಯೇ ಬಂದು, ಟಾರ್ಪಾಲು ಕಟ್ಟಿ ದಾಖಲೆಗಳನ್ನು ಉಳಿಸಿದವರೂ ಅವರೇ. ವರ್ಷದ ಕೊನೆಗೆ ಅವರ ಗೌಪ್ಯ ವರದಿಯಲ್ಲಿ “ವಿಧೇಯತೆಯ ಕೊರತೆ ಇದೆ” ಎಂದು ಬರೆದೆ. ಟಾರ್ಪಾಲಿನ ವಿಷಯ ಬರೆಯಲಿಲ್ಲ.

ಆ ಹಾಳೆ ಯಾವುದೋ ಕಡತದಲ್ಲಿ ಇನ್ನೂ ಇರಬಹುದು. ಅಕ್ಷರ ನನ್ನದು.